ಏಳೂಕಾಲಿಗೆ ಬರುತ್ತಿದ್ದ ಹೆಸರು

ಅವರು ಪಾಸ್‌ವರ್ಡ್ ಒತ್ತುವಾಗ ಕೋಣೆಯಲ್ಲಿದ್ದವರೆಲ್ಲ ಗೋಡೆಯ ಕಡೆಗೆ ಮುಖ ತಿರುಗಿಸಬೇಕಿತ್ತು. ಇದಕ್ಕೆ ಯಾರಿಗೂ ವಿನಾಯಿತಿ ಇರಲಿಲ್ಲ. ಒಮ್ಮೆ ನಮ್ಮ ಆಸ್ಪತ್ರೆಯ ಆಡಳಿತಾಧಿಕಾರಿಗಳೇ ಇಬ್ಬರು ಅತಿಥಿಗಳಿಗೆ ಕಂಪ್ಯೂಟರ್ ವಿಭಾಗ ತೋರಿಸಲು ಬಂದಿದ್ದರು. "ಸರ್, ಸ್ವಲ್ಪ ಆಚೆ ನೋಡ್ತೀರಾ?" ಎಂದರು ಇವರು. ಕೋಟು ಹಾಕಿದ ಮೂವರು ದೊಡ್ಡ ಮನುಷ್ಯರು ಶಿಕ್ಷೆಗೆ ನಿಂತ ಮಕ್ಕಳ ಹಾಗೆ ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತದ್ದನ್ನು ನೆನೆಸಿಕೊಂಡರೆ ನನಗೆ ಈಗಲೂ ನಗು ಬರುತ್ತದೆ. "ಆಯ್ತು, ತಿರುಗಿ" ಎಂದು ಅಪ್ಪಣೆಯಾದ ಮೇಲೆಯೇ ಅವರು ತಿರುಗಿದ್ದು.

ಎಲ್ಲರೂ ಅವರನ್ನು ಮಿಸ್ ಎಂದು ಕರೆಯುತ್ತಿದ್ದರು. ಬಹಳ ಹಿಂದೆ ಆಸ್ಪತ್ರೆಯ ನರ್ಸಿಂಗ್ ಶಾಲೆಯಲ್ಲಿ ಕಂಪ್ಯೂಟರ್ ಪಾಠ ಮಾಡಲು ಸೇರಿದವರು, ಆಮೇಲೆ ಆಸ್ಪತ್ರೆಗೇ ಕಂಪ್ಯೂಟರ್ ಬಂದಾಗ ಅದರ ಹಿಂದೆಯೇ ಇತ್ತ ಬಂದರು. ಪಾಠ ಬಿಟ್ಟು ಎಷ್ಟು ವರ್ಷವಾದರೂ ಮಿಸ್ ಎಂಬುದು ಬಿಡಲಿಲ್ಲ. ಡಾಕ್ಟರುಗಳಿಂದ ಹಿಡಿದು ಆಂಬುಲೆನ್ಸ್ ಡ್ರೈವರ್‌ವರೆಗೆ ಎಲ್ಲರಿಗೂ ಅವರು ಮಿಸ್. ಆಸ್ಪತ್ರೆಯ ಡೇಟಾಬೇಸ್ ನೋಡಿಕೊಳ್ಳುವುದು ಅವರ ಕೆಲಸವಾಗಿತ್ತು. ಎಂದರೆ, ಯಾರು ಯಾವ ಕಾಯಿಲೆಗೆ ಬಂದರು, ರಕ್ತದಲ್ಲಿ ಏನು ಸಿಕ್ಕಿತು, ಯಾವ ಮದ್ದು ಕೊಟ್ಟರು, ಇದೆಲ್ಲವನ್ನೂ ಸೇರಿಸಿಟ್ಟ ಆ ಒಂದು ಯಂತ್ರದ ಕಾವಲು. ಅವರ ಎದುರಿನ ಮೇಜಿನಲ್ಲಿ ನಾನು ಹದಿನಾರು ವರ್ಷ ಕೂತಿದ್ದೆ. ಕಳೆದ ತಿಂಗಳು ಅವರು ತೀರಿಕೊಂಡರು. ಪೇಪರಿನಲ್ಲಿ ಬಂದ ನಾಲ್ಕು ಸಾಲಿನಲ್ಲಿ 'ನಿವೃತ್ತ ಆಸ್ಪತ್ರೆ ಉದ್ಯೋಗಿ' ಎಂದಷ್ಟೇ ಇತ್ತು. ಅದನ್ನು ಓದಿ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಇದನ್ನು ಬರೆಯಲು ಕೂತಿದ್ದೇನೆ.

ಅವರ ಹೆಸರನ್ನು ಮಾತ್ರ ಬರೆಯುವುದಿಲ್ಲ. ಯಾರ ಹೆಸರನ್ನೂ ಅಗತ್ಯವಿಲ್ಲದೆ ಹೊರಗೆ ಬಿಡಬಾರದು ಎಂದು ನನಗೆ ಕಲಿಸಿದವರೇ ಅವರು.

ಮಂಗಳೂರಿನ ಏಪ್ರಿಲ್ ತಿಂಗಳಲ್ಲಿ ಸ್ವೆಟರ್ ಹಾಕಿಕೊಂಡು ಸಿಟಿ ಬಸ್ ಹತ್ತುವವರು ಇಡೀ ಊರಿಗೆ ಅವರೊಬ್ಬರೇ ಇದ್ದಿರಬೇಕು. ಸರ್ವರ್ ಕೋಣೆಯಲ್ಲಿ ಎಸಿ ಯಾವಾಗಲೂ ಕೊರೆಯುತ್ತಿತ್ತು, ಅದಕ್ಕಾಗಿ ಸ್ವೆಟರ್. ಅದನ್ನು ಆಫೀಸಿನಲ್ಲೇ ಬಿಟ್ಟು ಹೋಗಬಹುದಲ್ಲ ಎಂದು ಒಮ್ಮೆ ಕೇಳಿದೆ. "ನನ್ನದು ನನ್ನ ಹತ್ರ ಇರ್ಲಿ" ಎಂದರು. ದೇರೆಬೈಲಿನಿಂದ ಬರುವ ಬಸ್ಸಿನ ಕಂಡಕ್ಟರ್ "ಎಂತ ಅಕ್ಕ, ಜ್ವರವಾ?" ಎಂದು ಕೇಳುತ್ತಿದ್ದನಂತೆ. "ಹೌದು ಮಾರಾಯ, ಇಪ್ಪತ್ತು ವರ್ಷದಿಂದ ಇಳಿಯಲೇ ಇಲ್ಲ" ಎಂದು ಇವರ ಉತ್ತರ. ಹೀಗೆ ನಗದೆ ನಗಿಸುವುದು ಅವರ ಜಾಯಮಾನ. ಹೊಸಬರು ಅವರನ್ನು ಸಿಡುಕಿ ಎಂದುಕೊಳ್ಳುತ್ತಿದ್ದರು. ಹಳಬರೂ ಎಂದುಕೊಳ್ಳುತ್ತಿದ್ದರು, ಆದರೆ ಪ್ರೀತಿಯಿಂದ.

ಯಾರಿಗಾದರೂ ಹೊಸ ಲಾಗಿನ್ ಬೇಕಾದರೆ ಫಾರ್ಮ್ ತುಂಬಬೇಕಿತ್ತು, ಅದಕ್ಕೆ ಮೂರು ಸಹಿ ಬೇಕಿತ್ತು. ವಾರ್ಡಿನ ಮುಖ್ಯಸ್ಥರದ್ದು, ನರ್ಸಿಂಗ್ ಸೂಪರಿಂಟೆಂಡೆಂಟರದ್ದು, ಸಿಬ್ಬಂದಿ ವಿಭಾಗದ್ದು. ಮೂರೂ ಸಹಿ ಕೂಡಿ ಬರುವಷ್ಟರಲ್ಲಿ ಎರಡು ವಾರ ಕಳೆದಿರುತ್ತಿತ್ತು. ಸೂಪರಿಂಟೆಂಡೆಂಟ್ ಒಮ್ಮೆ ಬೇಸರಪಟ್ಟುಕೊಂಡು "ನನ್ನ ಮೇಲೆ ನಂಬಿಕೆ ಇಲ್ಲವಾ ಮಿಸ್?" ಎಂದು ಕೇಳಿದರು. "ಉಂಟು. ನಂಬಿಕೆ ಬೇರೆ, ಪರ್ಮಿಷನ್ ಬೇರೆ" ಎಂದು ಫಾರ್ಮನ್ನು ವಾಪಸು ಅವರ ಕೈಗಿತ್ತರು.

ಇನ್ನೊಂದು ನಿಯಮವಿತ್ತು. ಒಬ್ಬರು ಮಾಡಿದ ಕೆಲಸವನ್ನು ಇನ್ನೊಬ್ಬರು ನೋಡಿ ರಿಜಿಸ್ಟರಿನಲ್ಲಿ ಸಹಿ ಹಾಕಬೇಕು. ಇದ್ದದ್ದು ನಾವಿಬ್ಬರೇ, ಹಾಗಾಗಿ ಅವರ ಕೆಲಸಕ್ಕೆ ನಾನು, ನನ್ನ ಕೆಲಸಕ್ಕೆ ಅವರು. ಸೇರಿದ ಹೊಸತರಲ್ಲಿ, ಇಷ್ಟು ಅನುಭವ ಇರುವವರು ಮಾಡಿದ್ದನ್ನು ನಾನೇನು ನೋಡುವುದು ಎಂದು ಕಣ್ಣು ಮುಚ್ಚಿ ಸಹಿ ಹಾಕಿದೆ. ಅವರು ನನ್ನನ್ನು ಪರೀಕ್ಷಿಸಲೆಂದೇ ಅದರಲ್ಲಿ ಒಂದು ತಪ್ಪು ಬಿಟ್ಟಿದ್ದರು. ಸಹಿಯ ಮೇಲೆ ಬೆರಳಿಟ್ಟು ತೋರಿಸಿದರು. ಬೈಯಲಿಲ್ಲ. ಸಂಜೆ ನಾಲ್ಕರವರೆಗೆ ಮಾತಾಡಲಿಲ್ಲ, ಅಷ್ಟೇ. ಆಮೇಲೆ "ನೀನು ನೋಡದಿದ್ರೆ ನನ್ನನ್ನು ನೋಡುವವರು ಯಾರು?" ಎಂದು ಕೇಳಿದರು. ಆ ಪ್ರಶ್ನೆಯನ್ನು ನಾನು ಆಗ ಕೆಲಸದ ಪ್ರಶ್ನೆ ಎಂದೇ ತಿಳಿದುಕೊಂಡೆ.

ನಾನು ಉಳ್ಳಾಲದ ಬ್ಯಾರಿ. ರಂಝಾನ್ ತಿಂಗಳಲ್ಲಿ ನಾನು ಉಪವಾಸ ಇರುವಾಗ ಮಿಸ್ ನನ್ನ ಎದುರಿಗೆ ಕಾಫಿ ಕುಡಿಯುತ್ತಿರಲಿಲ್ಲ. ನನಗೇನೂ ತೊಂದರೆಯಿಲ್ಲ ಎಂದರೂ ಕೇಳಿದವರಲ್ಲ. ಫ್ಲಾಸ್ಕ್ ಹಿಡಿದುಕೊಂಡು ಸರ್ವರ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಕುಡಿದು ಬರುತ್ತಿದ್ದರು. ಆ ಬಾಗಿಲಿನ ಮೇಲೆ ದಪ್ಪ ಅಕ್ಷರದಲ್ಲಿ 'ಒಳಗೆ ನೀರು, ಚಾ, ಕಾಫಿ ತರಬಾರದು' ಎಂದು ಬರೆದು ಅಂಟಿಸಿದವರೂ ಅವರೇ. ನನಗೆ ತಿಳಿದ ಹಾಗೆ ಅವರು ಅದುವರೆಗೆ ಮುರಿದ ನಿಯಮ ಅದೊಂದೇ.

ಮಿಸ್ ಮದುವೆಯಾಗಿರಲಿಲ್ಲ. ಅಣ್ಣಂದಿರಿಬ್ಬರು ಮೊದಲು ಬಹರೈನಿಗೆ, ಅಲ್ಲಿಂದ ಕೆನಡಾಕ್ಕೆ ಹೋಗಿ ನೆಲೆಸಿದವರು. ದೇರೆಬೈಲಿನ ಮನೆಯಲ್ಲಿ ಅವರ ಜೊತೆ ನಮ್ಮ ಆಸ್ಪತ್ರೆಯದೇ ಒಬ್ಬ ನರ್ಸ್ ಇದ್ದರು. ನರ್ಸುಗಳನ್ನು ನಾವು ಸಿಸ್ಟರ್ ಎಂದೇ ಕರೆಯುವುದು, ಹಾಗಾಗಿ ಇಲ್ಲಿಯೂ ಸಿಸ್ಟರ್ ಎನ್ನುತ್ತೇನೆ. ಮೆಡಿಕಲ್ ವಾರ್ಡಿನಲ್ಲಿದ್ದವರು, ದೊಡ್ಡ ದನಿ, ಅದಕ್ಕಿಂತ ದೊಡ್ಡ ನಗು. ಜೊತೆಗೆ ಕಲಿತವರೆಲ್ಲ ಕುವೈತ್, ಮಸ್ಕತ್ ಎಂದು ಹೋದರೂ ಅವರು ಹೋಗಲಿಲ್ಲ. ಎರಡು ಸಲ ವೀಸಾ ಬಂದಿತ್ತು, ಎರಡು ಸಲವೂ ಬಿಟ್ಟರು. ಯಾಕೆ ಎಂದರೆ "ಅಲ್ಲಿ ತಾಜಾ ಬಂಗುಡೆ ಸಿಗುದಿಲ್ಲ ಮಾರಾಯ" ಎನ್ನುತ್ತಿದ್ದರು. ಶನಿವಾರ ಇಬ್ಬರೂ ಉರ್ವ ಮಾರ್ಕೆಟಿನಲ್ಲಿ ಇಳಿದು ಮೀನು ತೆಗೆದುಕೊಂಡು ಹೋಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಸಿಸ್ಟರ್ ಮೀನಿನ ಕಿವಿರು ಎತ್ತಿ ನೋಡುತ್ತಾ ಮೀನಿನ ಹೆಂಗಸಿನ ಜೊತೆ ತುಳುವಿನಲ್ಲಿ ಜಗಳ ಹಚ್ಚಿರುತ್ತಿದ್ದರು. ಮಿಸ್ ಎರಡು ಹೆಜ್ಜೆ ದೂರದಲ್ಲಿ ಚೀಲ ಹಿಡಿದು, ಆ ಜಗಳ ಮುಗಿಯುವುದೇ ಬೇಡ ಎನ್ನುವ ಹಾಗೆ ನಿಂತಿರುತ್ತಿದ್ದರು.

ಸಿಸ್ಟರಿಗೆ ಕಾಯಿಲೆ ಬಂದು ಎರಡೇ ತಿಂಗಳಲ್ಲಿ ಎಲ್ಲ ಮುಗಿಯಿತು. ತಾವು ಕೆಲಸ ಮಾಡಿದ ವಾರ್ಡಿನಲ್ಲೇ ಮಲಗಿ, ಅಲ್ಲೇ ತೀರಿಹೋದರು. ಅವರ ಅಕ್ಕ, ಭಾವ ಬಂದು ಮಣ್ಣು ಮಾಡಲು ಹುಟ್ಟೂರಿನ ಚರ್ಚಿಗೆ, ನಮ್ಮ ಕಡೆಯವರು ಹೇಳುವ ಇಗರ್ಜಿಗೆ, ಕೊಂಡುಹೋದರು. ನಾವು ಆಸ್ಪತ್ರೆಯ ವ್ಯಾನಿನಲ್ಲಿ ಹೋದೆವು. ಮುಂದಿನ ಬೆಂಚುಗಳು ಮನೆಯವರಿಗೆ. ಮಿಸ್ ನಮ್ಮ ಜೊತೆ ಐದನೆಯ ಸಾಲಿನಲ್ಲಿ ಕೂತರು. ಪೇಪರಿಗೆ ಕೊಟ್ಟ ಜಾಹೀರಾತಿನಲ್ಲಿ ಅಕ್ಕ, ಭಾವ, ಅಣ್ಣನ ಮಕ್ಕಳು, ಅಕ್ಕನ ಮಕ್ಕಳು ಎಂದು ಎಲ್ಲರ ಹೆಸರಿತ್ತು. ಇಪ್ಪತ್ತು ವರ್ಷ ಒಂದೇ ಅಡುಗೆಮನೆಯಲ್ಲಿ ಉಂಡ ಇವರ ಹೆಸರಿರಲಿಲ್ಲ. ಮಿಸ್ ಮೂರು ದಿನ ರಜೆ ಹಾಕಿದರು. ರಜೆ ಅರ್ಜಿಯಲ್ಲಿ ಕಾರಣ ಬರೆಯುವ ಜಾಗದಲ್ಲಿ 'ವೈಯಕ್ತಿಕ' ಎಂದಿತ್ತು. ಸಂಬಂಧಿಕರ ಮರಣ ಎಂದು ಬರೆಯಲು ಅವರಿಗೆ ಹಕ್ಕಿರಲಿಲ್ಲ, ಸುಳ್ಳು ಬರೆಯುವವರೂ ಅವರಲ್ಲ. ನಾಲ್ಕನೆಯ ದಿನ ಬಂದು ತಮ್ಮ ಜಾಗದಲ್ಲಿ ಕೂತರು. ಯಾರೂ ಏನೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಇದಾಗಿ ಎರಡು ವರ್ಷದ ಮೇಲೆ ಒಂದು ಸೋಮವಾರ, ನಾವು ಬಳಸುತ್ತಿದ್ದ ಡೇಟಾಬೇಸ್ ಸರ್ವರಿನ ತಯಾರಕರಿಂದ ಎಚ್ಚರಿಕೆಯ ಮೇಲ್ ಬಂತು. ಅವರ ತಂತ್ರಾಂಶದಲ್ಲಿ ಒಂದು ದೋಷ ಪತ್ತೆಯಾಗಿದೆ, ಕೂಡಲೇ ಸರಿಪಡಿಸಿಕೊಳ್ಳಿ ಎಂದು. ನಾನು ಎರಡು ಸಲ ಓದಿದೆ, ಅರ್ಧ ತಿಳಿಯಿತು. ಮಿಸ್ ಅದನ್ನು ಪ್ರಿಂಟ್ ತೆಗೆದು, ಪೆನ್ಸಿಲ್ ಹಿಡಿದು, ಪರೀಕ್ಷೆಗೆ ಓದುವವರಂತೆ ಗೆರೆ ಎಳೆಯುತ್ತಾ ಓದಿದರು. ಒಂದು ಗಂಟೆಯ ಮೇಲೆ ನನ್ನ ಕಡೆ ತಿರುಗಿದರು.

"ನಮ್ಮಲ್ಲಿ ವಿಸಿಟರ್ಸ್ ಪಾಸ್ ಉಂಟಲ್ಲ, ಅದನ್ನು ಹಿಡಿದವ ವಾರ್ಡಿಗೆ ಹೋಗ್ಬಹುದು. ಆಪರೇಷನ್ ಥಿಯೇಟರಿಗೆ ಹೋಗ್ಲಿಕ್ಕೆ ಆಗುದಿಲ್ಲ, ಬಾಗಿಲಲ್ಲಿ ನಿಲ್ಲಿಸ್ತಾರೆ. ಈಗ ಇವರು ಹೇಳುದು ಎಂತ ಗೊತ್ತುಂಟಾ? ಆ ಪಾಸನ್ನು ಒಂದು ರೀತಿಯಲ್ಲಿ ಮಡಚಿ ತೋರಿಸಿದ್ರೆ, ಬಾಗಿಲಲ್ಲಿ ಇದ್ದವ ಅದನ್ನು ಸೂಪರಿಂಟೆಂಡೆಂಟರ ಪಾಸ್ ಅಂತ ಓದ್ತಾನೆ. ಒಳಗೆ ಬಿಡ್ತಾನೆ, ಎಲ್ಲ ಬೀಗದ ಕೈಯೂ ಕೊಡ್ತಾನೆ."

"ಯಾವ ಪಾಸ್ ಆದ್ರೂ ಆಗ್ತದಾ ಮಿಸ್?"

"ಯಾವುದಾದ್ರೂ. ಎಷ್ಟು ಸಣ್ಣದಾದ್ರೂ, ಎಷ್ಟು ಹಳೆಯದಾದ್ರೂ. ಒಂದು ಲಾಗಿನ್ ಮತ್ತು ಅದರ ಪಾಸ್‌ವರ್ಡ್ ಒಬ್ಬನ ಕೈಗೆ ಸಿಕ್ಕಿದ್ರೆ ಸಾಕು. ಆಮೇಲೆ ನಾನೂ ಅವನೂ ಒಂದೇ."

ದೋಷ ತಿದ್ದಿದ ಹೊಸ ಆವೃತ್ತಿಯೇನೋ ಸಿದ್ಧವಿತ್ತು. ಆದರೆ ನಮ್ಮ ಆಸ್ಪತ್ರೆಯ ತಂತ್ರಾಂಶ ಬರೆದುಕೊಟ್ಟ ಕಂಪನಿಯವರು, ಹೊಸತನ್ನು ಹಾಕಿದರೆ ತಮ್ಮದು ನಡೆಯುವುದೋ ಇಲ್ಲವೋ ಪರೀಕ್ಷೆ ಮಾಡಬೇಕು, ಆರು ವಾರ ಬೇಕು ಎಂದರು. ಆ ಆರು ವಾರ ಬಾಗಿಲು ತೆರೆದಿಟ್ಟು ಕೂರುವುದೇ? ಆಡಳಿತಾಧಿಕಾರಿಗಳ ಹತ್ತಿರ ಹೋದಾಗ ಅವರು "ಇಷ್ಟು ವರ್ಷ ಎಂತದೂ ಆಗ್ಲಿಲ್ಲವಲ್ಲ ಮಿಸ್" ಎಂದರು.

"ಆಗಿದ್ರೂ ನಮಗೆ ಗೊತ್ತಾಗುದಿಲ್ಲ ಸರ್. ಇಲ್ಲಿಗೆ ಬಂದ ಕಳ್ಳ ಹೊತ್ತುಕೊಂಡು ಹೋಗುದಿಲ್ಲ, ಓದಿಕೊಂಡು ಹೋಗ್ತಾನೆ. ನಮ್ಮದು ಎಲ್ಲ ಇದ್ದ ಹಾಗೇ ಇರ್ತದೆ."

ನನಗೆ ನನ್ನ ಊರಿನವರ ನೆನಪಾಯಿತು. ಊರಿನಲ್ಲಿ ಯಾರಿಗೂ ತಿಳಿಯಬಾರದೆಂದು ಹೊಳೆ ದಾಟಿ ಬಂದು, ಮನೆಯವರಿಗೂ ಹೇಳದೆ ರಕ್ತ ಪರೀಕ್ಷೆ ಮಾಡಿಸಿಕೊಂಡು ಹೋದವರು ಆ ಯಂತ್ರದಲ್ಲಿ ಎಷ್ಟೋ ಜನ ಇದ್ದರು. ಅದು ಯಾರದೋ ಮೊಬೈಲಿಗೆ ಬಂದರೆ ಒಂದು ಮದುವೆ ನಿಲ್ಲುತ್ತದೆ, ಒಬ್ಬನ ಕೆಲಸ ಹೋಗುತ್ತದೆ, ಒಬ್ಬಳು ತಲೆ ಎತ್ತಿ ನಡೆಯುವುದು ನಿಲ್ಲುತ್ತದೆ.

ಮಿಸ್ ಆ ದಿನವೇ ಕೆಲಸ ಸುರು ಮಾಡಿದರು. ಆಸ್ಪತ್ರೆಯ ಒಳಗಿನ ಗೊತ್ತಿದ್ದ ಯಂತ್ರಗಳನ್ನು ಬಿಟ್ಟು ಬೇರೆಲ್ಲಿಂದಲೂ ಸರ್ವರನ್ನು ಮುಟ್ಟಲಾಗದಂತೆ ಮಾಡಿದರು. ದೋಷವಿದ್ದ ಭಾಗವನ್ನೇ ನಿಲ್ಲಿಸೋಣ ಎಂದರೆ ಲ್ಯಾಬಿನ ವರದಿಗಳು ಅದರ ಮೇಲೆಯೇ ನಡೆಯುತ್ತಿದ್ದವು, ಅದು ಸಾಧ್ಯವಿರಲಿಲ್ಲ. ಇನ್ನು ಉಳಿದದ್ದು ಪಾಸುಗಳನ್ನು ಕಡಿಮೆ ಮಾಡುವುದು. ಈಗ ಕೆಲಸದಲ್ಲಿ ಇರುವವರಿಗೆ ಒಬ್ಬರಿಗೆ ಒಂದು ಲಾಗಿನ್, ಉಳಿದದ್ದೆಲ್ಲ ಬಂದ್. ಪಟ್ಟಿ ತೆಗೆದು ನೋಡಿದರೆ ಲಾಗಿನ್‌ಗಳು ನಾಲ್ಕು ನೂರರ ಮೇಲಿದ್ದವು. ಕೆಲಸ ಮಾಡುವವರು ಅದರ ಅರ್ಧವೂ ಇರಲಿಲ್ಲ.

ವಾರ್ಡುಗಳಿಗೆ ಹೋಗಿ ಕೇಳಿದಾಗ ಗುಟ್ಟು ಬಯಲಾಯಿತು. ನಮ್ಮಲ್ಲಿ ನರ್ಸುಗಳು ಮೂರು ನಾಲ್ಕು ವರ್ಷ ಕೆಲಸ ಕಲಿತು ಗಲ್ಫಿಗೆ ಹೋಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಹೋಗುವ ದಿನ ವಾರ್ಡಿನಲ್ಲಿ ಕೇಕ್ ಕತ್ತರಿಸುತ್ತಾರೆ, ಫೋಟೋ ತೆಗೆಯುತ್ತಾರೆ. ಆಮೇಲೆ ಹೋಗುವವಳು ತನ್ನ ಜಾಗಕ್ಕೆ ಬಂದವಳಿಗೆ ಲಾಕರಿನ ಕೀಲಿಕೈಯನ್ನೂ, ಚೀಟಿಯಲ್ಲಿ ಬರೆದ ಲಾಗಿನ್ ಮತ್ತು ಪಾಸ್‌ವರ್ಡನ್ನೂ ಕೊಟ್ಟು ಹೋಗುತ್ತಾಳೆ. ಚೀಟಿ ಮದ್ದಿನ ಕಪಾಟಿನ ಬಾಗಿಲಿನ ಒಳಗಡೆ ಅಂಟಿಕೊಂಡು ಕೂರುತ್ತದೆ. ಆ ಲಾಗಿನ್ ಒಬ್ಬಳಿಂದ ಇನ್ನೊಬ್ಬಳಿಗೆ, ಅವಳಿಂದ ಮತ್ತೊಬ್ಬಳಿಗೆ. ದಾಖಲೆಯ ಪ್ರಕಾರ ಆ ದಿನ ಬೆಳಿಗ್ಗೆ ಹೆರಿಗೆ ವಾರ್ಡಿನಲ್ಲಿ ಇಂಜೆಕ್ಷನ್ ಕೊಟ್ಟ ಸಿಸ್ಟರ್ ನಾಲ್ಕು ವರ್ಷದಿಂದ ಮಸ್ಕತಿನಲ್ಲಿದ್ದರು. ಮಕ್ಕಳ ವಾರ್ಡಿನಲ್ಲಿ ಜ್ವರ ನೋಡಿ ಬರೆದವರು ಮದುವೆಯಾಗಿ ದುಬೈ ಸೇರಿದ್ದರು.

ನನಗೆ ನಗು ತಡೆಯಲಿಲ್ಲ. ಮಿಸ್ ಅಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟರು. "ತಪ್ಪು ಇವರದ್ದಲ್ಲ ಮಾರಾಯ. ಒಂದು ಫಾರ್ಮಿಗೆ ನಾನು ಎರಡು ವಾರ ತೆಗೆದ್ರೆ, ಅಲ್ಲಿಯವರೆಗೆ ಪೇಷಂಟ್ ಕಾಯ್ತಾನಾ?" ಎಂದರು. ಅಂದಿನಿಂದ ಫಾರ್ಮೂ ಇಲ್ಲ, ಮೂರು ಸಹಿಯೂ ಇಲ್ಲ. ನರ್ಸುಗಳ ಮೇಜಿನ ಪಕ್ಕದಲ್ಲೇ ನಿಂತು, ಗುರುತಿನ ಚೀಟಿ ನೋಡಿ, ಒಬ್ಬೊಬ್ಬರಿಗೂ ಅವರವರ ಹೆಸರಿನಲ್ಲಿ ಲಾಗಿನ್ ಮಾಡಿಕೊಟ್ಟರು. ತಾವು ಕಟ್ಟಿದ ಪದ್ಧತಿಯನ್ನು ತಾವೇ ಒಂದು ಮಧ್ಯಾಹ್ನದಲ್ಲಿ ಕೆಡವಿದ ಹಿರಿಯರನ್ನು ನಾನು ಬೇರೆ ನೋಡಿಲ್ಲ.

ನಾಲ್ಕು ದಿನ ವಾರ್ಡಿನಿಂದ ವಾರ್ಡಿಗೆ ಇಬ್ಬರೂ ಒಟ್ಟಿಗೇ ಹೋದೆವು. ಮೆಡಿಕಲ್ ವಾರ್ಡಿಗೆ ಮಾತ್ರ "ನೀನು ಬೇಡ, ಅದನ್ನು ನಾನು ನೋಡಿಕೊಳ್ತೇನೆ" ಎಂದು ಒಬ್ಬರೇ ಹೋದರು. ಗುರುವಾರ ಸಂಜೆ ಪಟ್ಟಿ ಮುಗಿಯಿತು. ಬಂದ್ ಮಾಡಿದ ಪ್ರತಿಯೊಂದು ಹೆಸರಿನ ಮುಂದೆ ಟಿಕ್ ಹಾಕಿ, ಕೆಳಗೆ 'ಎಲ್ಲವನ್ನೂ ಮುಚ್ಚಲಾಗಿದೆ' ಎಂದು ಬರೆದು ಸಹಿ ಮಾಡಿ ನನ್ನ ಮೇಜಿನ ಮೇಲಿಟ್ಟು ಬಸ್ಸಿಗೆ ಹೊರಟರು. ನಾನು ನಿಯಮದ ಪ್ರಕಾರ ಸರ್ವರಿನಲ್ಲಿ ನೋಡತೊಡಗಿದೆ. ಕಾಗದದಲ್ಲಿ ಟಿಕ್ ಇದ್ದ ಒಂದು ಹೆಸರು ಸರ್ವರಿನಲ್ಲಿ ಇನ್ನೂ ತೆರೆದೇ ಇತ್ತು. ಕೊನೆಯ ಬಳಕೆ ಅದೇ ದಿನ ಬೆಳಿಗ್ಗೆ ಏಳೂಕಾಲು.

ಅದು ಎರಡು ವರ್ಷದ ಹಿಂದೆ ತೀರಿಕೊಂಡ ಸಿಸ್ಟರ್ ಹೆಸರು.

ಕಣ್ತಪ್ಪಿನಿಂದ ಬಿಟ್ಟುಹೋಗಿರಬಹುದು ಎಂದು ಮೊದಲು ಅಂದುಕೊಂಡೆ. ಮಿಸ್‌ಗೆ ಆ ಹೆಸರು ಕಣ್ತಪ್ಪುವುದು ಸಾಧ್ಯವಿರಲಿಲ್ಲ. ನಾಲ್ಕು ನೂರು ಪಾಸುಗಳಲ್ಲಿ ಒಂದು ಉಳಿದರೂ ಉಳಿದದ್ದೇ. ಅದರ ಪಾಸ್‌ವರ್ಡ್ ಕಪಾಟಿನ ಬಾಗಿಲಿನಲ್ಲಿ ಅಂಟಿಕೊಂಡಿದೆ, ವಾರ್ಡಿಗೆ ಬಂದುಹೋಗುವವರು ಯಾರೂ ನೋಡಬಹುದು. ಇದನ್ನು ನನಗೆ ಕಲಿಸಿದವರೇ ಅವರು. ನಾನು ರಿಜಿಸ್ಟರಿನಲ್ಲಿ ಸಹಿ ಹಾಕಲಿಲ್ಲ, ಫೋನೂ ಮಾಡಲಿಲ್ಲ. ಉಳ್ಳಾಲದ ಬಸ್ಸಿನಲ್ಲಿ ಕೂತು, ನಾಳೆ ಏನು ಹೇಳುವುದು ಎಂದು ಯೋಚಿಸಿ ಯೋಚಿಸಿ ಇಳಿಯುವ ಸ್ಟಾಪನ್ನೇ ದಾಟಿ ಹೋದೆ.

ಶುಕ್ರವಾರ ಬೆಳಿಗ್ಗೆಯೆಲ್ಲ ವಾರ್ಡುಗಳಲ್ಲಿ ಕೆಲಸದ ನೆಪ ಹೇಳಿ ಅವರಿಂದ ತಪ್ಪಿಸಿಕೊಂಡೆ. ಜುಮಾ ನಮಾಜು ಮುಗಿಸಿ ಬಂದಾಗ ಮಿಸ್ ಕಾಯುತ್ತಿದ್ದರು.

"ಚೆಕ್ ಮಾಡಿದ್ಯಾ?"

"ಮಾಡಿದೆ ಮಿಸ್."

"ಎಲ್ಲ ಸರಿ ಉಂಟಾ?"

ಆಗಷ್ಟೇ ಪ್ರಾರ್ಥನೆ ಮಾಡಿ ಬಂದ ಬಾಯಿಯಲ್ಲಿ "ಸರಿ ಉಂಟು" ಎಂದೆ. ಪೆನ್ನು ತೆಗೆದು ಸಹಿಯನ್ನೂ ಹಾಕಿದೆ. ಅವರಿಗೆ ದೊಡ್ಡ ಉಪಕಾರ ಮಾಡುತ್ತಿದ್ದೇನೆ ಎಂದೇ ಭಾವಿಸಿದ್ದೆ.

ಮಿಸ್ ಬಹಳ ಹೊತ್ತು ಆ ಸಹಿಯನ್ನು ನೋಡಿದರು.

"ನೀನು ನೋಡಿದ್ದೀ," ಎಂದರು. "ನೋಡಿಯೂ ಸಹಿ ಹಾಕಿದ್ದೀ."

ನಾನು ಪೆನ್ನಿನ ಮುಚ್ಚಳ ಹಾಕಿದೆ.

"ನಾನು ಸುಳ್ಳು ಬರೆದೆ, ಅದು ನನ್ನ ಪಾಪ. ನೀನು ಎಂತಕ್ಕೆ ನನಗೋಸ್ಕರ ಸುಳ್ಳು ಬರೀತೀ? ನೀನು ಹೇಳ್ತಿ ಅಂತ ನಾನು ನಿನ್ನೆಯಿಂದ ಕಾಯ್ತಾ ಇದ್ದೆ. ನೀನು ಹೇಳಿದ್ರೆ ಮುಚ್ಚುವಾ ಅಂತ. ನನ್ನಿಂದ ಆಗ್ಲಿಲ್ಲ ಮಾರಾಯ."

ಆಮೇಲೆ ನನಗೆ ಎಲ್ಲ ಹೇಳಿದರು. ನಮ್ಮ ಆಫೀಸು ಸುರುವಾಗುವುದು ಒಂಬತ್ತಕ್ಕಾದರೂ ಅವರು ಏಳಕ್ಕೇ ಬಂದು ಕೂರುತ್ತಿದ್ದರು. ಅದನ್ನು ನಾವೆಲ್ಲ ಶಿಸ್ತು ಎಂದುಕೊಂಡಿದ್ದೆವು. ಸರ್ವರಿಗೆ ಈ ಹೊತ್ತಿನಲ್ಲಿ ಯಾರೆಲ್ಲ ಬಂದಿದ್ದಾರೆ ಎಂದು ತೋರಿಸುವ ಒಂದು ಪರದೆ ಇದೆ. ಏಳಕ್ಕೆ ವಾರ್ಡಿನಲ್ಲಿ ಪಾಳಿ ಬದಲಾಗುತ್ತದೆ, ಏಳೂಕಾಲಿಗೆ ಬೆಳಗಿನವರು ಕಂಪ್ಯೂಟರ್ ತೆರೆಯುತ್ತಾರೆ. ಮೆಡಿಕಲ್ ವಾರ್ಡಿನ ಯಾರೋ ಒಬ್ಬಳು ಕಪಾಟಿನ ಚೀಟಿ ನೋಡಿ ಲಾಗಿನ್ ಆಗುತ್ತಾಳೆ. ಪರದೆಯ ಮೇಲೆ ಆ ಹೆಸರು ಬರುತ್ತದೆ.

"ಅವಳಲ್ಲ ಅಂತ ನನಗೆ ಗೊತ್ತಿಲ್ಲವಾ? ಗೊತ್ತುಂಟು," ಎಂದರು ಮಿಸ್. "ಅವಳು ಇದ್ದಾಗಲೂ ಹೀಗೇ. ಅವಳು ಬಸ್ಸಿಳಿದು ವಾರ್ಡಿಗೆ, ನಾನು ಇಲ್ಲಿಗೆ. ಏಳೂಕಾಲಿಗೆ ಹೆಸರು ಬಂದ್ರೆ, ಹೋಗಿ ಮುಟ್ಟಿದ್ಲು ಅಂತ ನನಗೆ ಸಮಾಧಾನ. ಈಗ ಮನೆಯಲ್ಲಿ ಅವಳ ಹೆಸರು ಹೇಳುವವರು ಯಾರೂ ಇಲ್ಲ. ನನ್ನ ಇಗರ್ಜಿಯ ಪ್ರಾರ್ಥನೆಯಲ್ಲೂ ಹೇಳುದಿಲ್ಲ, ಅವಳನ್ನು ಮಣ್ಣು ಮಾಡಿದ್ದು ಬೇರೆ ಇಗರ್ಜಿಯಲ್ಲಿ ಆಯ್ತು. ಇದೊಂದು ಕಡೆ ದಿನಾ ಬರ್ತದೆ. ಅಷ್ಟು ಸಾಕಿತ್ತು ನನಗೆ."

ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. "ನಾನು ಮಾಡ್ಲಾ ಮಿಸ್?" ಎಂದೆ. "ಬೇಡ, ನನ್ನ ಕೈಯಲ್ಲೇ ಆಗ್ಲಿ. ಸ್ವಲ್ಪ ಹೊರಗೆ ನಿಲ್ಲು" ಎಂದರು. ನಾನು ಕಾರಿಡಾರಿನಲ್ಲಿ ನಿಂತೆ. ಎರಡು ನಿಮಿಷದ ಕೆಲಸ. ಅರ್ಧ ಗಂಟೆ ಹಿಡಿಯಿತು.

ಒಳಗೆ ಕರೆದು ನನ್ನ ಕೈಯಲ್ಲಿ ಸರ್ವರನ್ನು ಇನ್ನೊಮ್ಮೆ ನೋಡಿಸಿದರು. ಆ ಲಾಗಿನ್ ಮೂಲಕ ಹೊರಗಿನವರು ಬಂದ ಗುರುತು ಸಿಗಲಿಲ್ಲ. "ಸಿಗ್ಲಿಲ್ಲ ಅಂದ್ರೆ ಬರ್ಲಿಲ್ಲ ಅಂತಲ್ಲ, ಹಾಗೇ ಬರಿ" ಎಂದರು. ಗುರುವಾರದ ಟಿಕ್ಕನ್ನು ಹೊಡೆದುಹಾಕಿ ಪಕ್ಕದಲ್ಲಿ ತಮ್ಮ ಕೈಯಾರೆ, 'ಇದನ್ನು ಶುಕ್ರವಾರ ಮಧ್ಯಾಹ್ನ ಮುಚ್ಚಿದೆ, ಅಲ್ಲಿಯವರೆಗೆ ತೆರೆದಿಟ್ಟದ್ದು ನಾನೇ' ಎಂದು ಬರೆದು ಆಡಳಿತಾಧಿಕಾರಿಗಳಿಗೆ ಕೊಟ್ಟು ಬಂದರು. ಅವರಿಗೆ ಮೆಮೋ ಸಿಕ್ಕಿತು. ಅಷ್ಟು ವರ್ಷದ ಕೆಲಸದಲ್ಲಿ ಅದು ಮೊದಲನೆಯದು. ನನ್ನ ಸುಳ್ಳು ಸಹಿಯ ಸಂಗತಿಯನ್ನು ಅವರು ಯಾರಿಗೂ ಹೇಳಲಿಲ್ಲ, ಆದರೆ ಆ ಸಹಿಯನ್ನು ನನ್ನಿಂದಲೇ ಹೊಡೆದುಹಾಕಿಸಿ ಹೊಸದಾಗಿ ಹಾಕಿಸದೆ ಬಿಡಲೂ ಇಲ್ಲ.

ಶನಿವಾರ ನಾನು ಮೊದಲ ಬಸ್ಸಿಗೇ ಹೊರಟು ಏಳರೊಳಗೆ ಆಫೀಸಿಗೆ ಬಂದೆ. ಅವರನ್ನು ಒಬ್ಬರನ್ನೇ ಕೂರಲು ಬಿಡುವುದು ನನಗೆ ಸರಿ ಕಾಣಲಿಲ್ಲ. ಮಿಸ್ ಸ್ವೆಟರ್ ಹಾಕಿಕೊಂಡು ಪರದೆಯ ಎದುರು ಕೂತಿದ್ದರು. ಯಾಕೆ ಬಂದೆ ಎಂದು ಕೇಳಲಿಲ್ಲ. ಏಳೂಕಾಲಿಗೆ ಎಲ್ಲ ವಾರ್ಡುಗಳ ಹೆಸರುಗಳು ಒಂದೊಂದಾಗಿ ಬಂದವು. ಮೆಡಿಕಲ್ ವಾರ್ಡಿನಿಂದ ಹೆಸರು ಬರಲಿಲ್ಲ, ಫೋನ್ ಬಂತು. ಮಿಸ್ ಸ್ಪೀಕರ್ ಒತ್ತಿದರು.

ಹೊಸದಾಗಿ ಸೇರಿದ ನರ್ಸ್, ದನಿ ಕೇಳಿದರೆ ಘಟ್ಟದ ಮೇಲಿನವಳು. ಸಿಸ್ಟರ್ ಹೆಸರು ಹೇಳಿ, "ಇದು ಓಪನ್ ಆಗ್ತಿಲ್ಲ ಮಿಸ್" ಎಂದಳು.

"ಅದನ್ನು ಬಂದ್ ಮಾಡಿದೆ ಅಮ್ಮ. ನಿನಗೆ ನಿನ್ನ ಹೆಸರಲ್ಲಿ ಬೇರೆ ಮಾಡಿ ಇಟ್ಟಿದ್ದೇನೆ. ಅವರ ಹೆಸರಲ್ಲಿ ಇನ್ನು ಹೋಗುದು ಬೇಡ."

"ಅದು ಯಾರದಾದ್ರೂ ಹೆಸರಾ ಮಿಸ್? ನಾವು ವಾರ್ಡಿಗೇ ಇಟ್ಟಿರೋ ಹೆಸರು ಅಂದ್ಕೊಂಡಿದ್ವಿ."

ನಮ್ಮ ಆಸ್ಪತ್ರೆಯಲ್ಲಿ ಕೆಲವು ವಾರ್ಡುಗಳಿಗೆ ಸಂತರ ಹೆಸರಿದೆ. ಹುಡುಗಿಯ ತಪ್ಪೇನೂ ಇರಲಿಲ್ಲ. ಆದರೆ ಆ ಮಾತು ಕೇಳಿದಾಗ ಮಿಸ್ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಎರಡು ವರ್ಷ ಯಾವ ಹೆಸರಿಗಾಗಿ ಅವರು ಏಳಕ್ಕೆ ಬಂದು ಕೂರುತ್ತಿದ್ದರೋ, ಅದನ್ನು ದಿನಾ ಒತ್ತುತ್ತಿದ್ದವರಿಗೆ ಅದೊಂದು ಮನುಷ್ಯರ ಹೆಸರು ಎಂದೇ ಗೊತ್ತಿರಲಿಲ್ಲ.

ಮಿಸ್ ಫೋನ್ ಇಟ್ಟು ಎದ್ದರು. ಮೆಟ್ಟಿಲು ಹತ್ತಿ ಮೆಡಿಕಲ್ ವಾರ್ಡಿಗೆ ಹೋದರು. ನಾನು ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತೆ. ಅವರು ಮೊದಲು ಕಪಾಟಿನ ಬಾಗಿಲು ತೆರೆದು ಚೀಟಿಯನ್ನು ಉಗುರಿನಿಂದ ಕಿತ್ತು ಮಡಚಿ ಸ್ವೆಟರಿನ ಜೇಬಿಗೆ ಹಾಕಿಕೊಂಡರು. ಅದು ಸಿಸ್ಟರ್ ಕೈಬರಹವಾಗಿತ್ತು. ಆಮೇಲೆ ಆ ಹುಡುಗಿಯನ್ನು ಕೂರಿಸಿ ಹೊಸ ಲಾಗಿನ್ ಕೊಟ್ಟರು. ಅವಳು ಪಾಸ್‌ವರ್ಡ್ ಒತ್ತಿ ಮುಗಿಸಿದ ಮೇಲೆ ಹೇಳಿದರು: "ಅವಳು ಇಲ್ಲಿ ಇಪ್ಪತ್ತೆರಡು ವರ್ಷ ನರ್ಸ್ ಆಗಿದ್ದವಳು. ಇದೇ ಮೇಜಿನಲ್ಲಿ ಕೂತವಳು. ಅಲ್ಲಿ ಕಿಟಕಿ ಪಕ್ಕದ ಬೆಡ್ಡಿನಲ್ಲಿ ತೀರಿಹೋದ್ಲು."

ಹುಡುಗಿ ಎದ್ದು ನಿಂತಳು. "ನಿಮಗೆ ಏನಾಗ್ಬೇಕಿತ್ತು ಮಿಸ್ ಅವರು?"

ರಜೆ ಅರ್ಜಿಯಲ್ಲಿ ಬರೆಯಲಾಗದ ಉತ್ತರ. ಮಿಸ್ ಕಿಟಕಿಯ ಕಡೆ ನೋಡಿದರು.

"ನನ್ನ ಜನ," ಎಂದರು.

ಆರು ವಾರ ಕಳೆದು ಹೊಸ ಆವೃತ್ತಿ ಬಂತು. ಒಂದು ಭಾನುವಾರ ಹೊರರೋಗಿಗಳಿಲ್ಲದ ಹೊತ್ತಿನಲ್ಲಿ ಇಬ್ಬರೂ ಕೂತು ಹಾಕಿದೆವು, ದೋಷ ಹೋಯಿತು. ನಿವೃತ್ತಿಗೆ ಇನ್ನೂ ಮೂರು ವರ್ಷವಿತ್ತು ಅವರಿಗೆ. ಕೆಲಸದಲ್ಲಿ ಏನೂ ಬದಲಾಗಲಿಲ್ಲ. ಒಂದು ಬಿಟ್ಟು. ಆ ಶನಿವಾರದ ಮೇಲೆ ಮಿಸ್ ಏಳಕ್ಕೆ ಬರುವುದನ್ನು ನಿಲ್ಲಿಸಿದರು, ನಮ್ಮೆಲ್ಲರ ಹಾಗೆ ಒಂಬತ್ತಕ್ಕೆ ಬರತೊಡಗಿದರು. ಬೆಳಿಗ್ಗೆ ಆ ಎರಡು ಗಂಟೆ ದೇರೆಬೈಲಿನ ಮನೆಯಲ್ಲಿ ಒಬ್ಬರೇ ಕೂತು ಏನು ಮಾಡುತ್ತಿದ್ದರೋ ನನಗೆ ತಿಳಿಯದು. ಮೂರು ವರ್ಷ ಎದುರಿಗೇ ಕೂತಿದ್ದೆ, ಒಂದು ದಿನವೂ ಕೇಳಲಿಲ್ಲ. ಕೇಳಬೇಕಿತ್ತು.